ಕೆಂಚನ ವಯಸ್ಸು

ನಮ್ಮ ಮನೆಯಲ್ಲಿ ಒಂದು ಕಾಗದ ಹುಡುಕಿದರೆ ಸಿಗುವುದು ಇನ್ನೊಂದು ಕಾಗದ. ಆಧಾರ್ ಕಾರ್ಡು ಹುಡುಕಿದರೆ ಪಹಣಿ ಸಿಗುತ್ತದೆ, ಪಹಣಿ ಹುಡುಕಿದರೆ ಮಗಳ ಮದುವೆಯ ಲಗ್ನಪತ್ರಿಕೆ. ಮೊನ್ನೆಯೂ ಹಾಗೇ ಆಯಿತು. ಯಾವುದೋ ಜೆರಾಕ್ಸಿಗಾಗಿ ಬೀರುವಿನ ಮೇಲಿನ ಅರೆಯನ್ನೆಲ್ಲ ನೆಲಕ್ಕೆ ಹರವಿಕೊಂಡು ಕೂತಾಗ ಕೈಗೆ ಬಂದದ್ದು ಹಳದಿ ಬಣ್ಣದ, ನಾಲ್ಕು ಮಡಿಕೆಯ ಒಂದು ಕಾರ್ಡು. ನಮ್ಮ ನಾಯಿ ಕೆಂಚನಿಗೆ ವರ್ಷಾವರ್ಷ ಹಾಕಿಸಿದ ರೇಬೀಸ್ ಲಸಿಕೆಯ ಕಾರ್ಡು ಅದು. ಅದರ ಕೊನೆಯ ಸಾಲಿನಲ್ಲಿ ‘ವಯಸ್ಸು’ ಅನ್ನುವ ಮನೆಯೊಳಗೆ ಎಂಟು ಎಂದು ಬರೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಹದಿನಾಲ್ಕು ಎಂದು ಬರೆದಿದೆ. ಆ ಗೆರೆ ಎಳೆದ ದಿನ ನಾನು ಎಲ್ಲಿ ನಿಂತಿದ್ದೆ, ನನ್ನ ಮುಖ ಹೇಗಿತ್ತು ಅನ್ನುವುದೆಲ್ಲ ನೆನಪಾಗಿ ಜೆರಾಕ್ಸು ಮರೆತೇಹೋಯಿತು.

ಇಷ್ಟು ಹೇಳಿದ ಮೇಲೆ ನಾನು ಯಾರು ಎಂದೂ ಹೇಳಬೇಕು. ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಸಣ್ಣ ಊರಿನವನು. ಒಂದಿಷ್ಟು ಹೊಲ ಇದೆ. ಅದಕ್ಕಿಂತ ಹೆಚ್ಚಾಗಿ, ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆಯುವ ಕೆಲಸ ಇದೆ. ಮೂವತ್ತು ವರ್ಷದಿಂದ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಲ್ಯಾಕ್ಟೋಮೀಟರ್ ಹಿಡಿದು ನಿಂತಿದ್ದೇನೆ. ಹಾಲಿಗೆ ನೀರು ಬೆರೆಸುವವರಿಗೆ ನನ್ನನ್ನು ಕಂಡರೆ ಭಯ ಎಂದು ನಾನು ತಿಳಿದುಕೊಂಡಿದ್ದೇನೆ. ಬೆರೆಸುವವರು ಹಾಗೆ ತಿಳಿದುಕೊಂಡಂತೆ ಕಾಣುವುದಿಲ್ಲ.

ಅಂಥ ನಾನು ವರ್ಷಕ್ಕೊಮ್ಮೆ, ಅದೇ ಡೈರಿಯ ಬಾಗಿಲಲ್ಲಿ, ಸರ್ಕಾರದವರು ಲಸಿಕೆಗೆ ಮೇಜು ಹಾಕಿಕೊಂಡು ಕೂತಾಗ, ಒಂದು ಶುದ್ಧ ಸುಳ್ಳು ಹೇಳುತ್ತಾ ಬಂದಿದ್ದೆ. ಅವರು ಕೇಳುತ್ತಿದ್ದದ್ದು ಮೂರೇ ಪ್ರಶ್ನೆ: ನಾಯಿಯ ಹೆಸರು, ಬಣ್ಣ, ವಯಸ್ಸು. ಹೆಸರು ಕೆಂಚ, ಬಣ್ಣ ಕೆಂಚು. ಇವೆರಡರಲ್ಲಿ ಮೋಸ ಮಾಡುವುದಕ್ಕೆ ಜಾಗವಿರಲಿಲ್ಲ. ವಯಸ್ಸಿನ ಹತ್ತಿರ ಬಂದಾಗ ಮಾತ್ರ ನನ್ನ ನಾಲಿಗೆ ತನ್ನಷ್ಟಕ್ಕೆ ತಾನೇ ಒಂದೋ ಎರಡೋ ಇಳಿಸಿ ಹೇಳುತ್ತಿತ್ತು. ಕಾರ್ಡು ನೋಡಿದರೆ ಕೆಂಚನಿಗೆ ಎರಡು ವರ್ಷ ಎರಡು ಸಲ ತುಂಬಿದೆ, ಐದು ಎರಡು ಸಲ ತುಂಬಿದೆ. ಎಂಟಕ್ಕೆ ಬಂದ ಮೇಲಂತೂ ಅವನು ಆರಕ್ಕೇರದೆ ಮೂರಕ್ಕಿಳಿಯದೆ ನಾಲ್ಕು ವರ್ಷ ಅಲ್ಲೇ ಕೂತುಬಿಟ್ಟಿದ್ದಾನೆ.

ನೀವು ಕೇಳಬಹುದು, ಊರನಾಯಿಯ ವಯಸ್ಸು ಕಮ್ಮಿ ಹೇಳಿದರೆ ನಿನಗೇನು ಲಾಭ ಎಂದು. ಏನೂ ಇಲ್ಲ. ಅದು ನಮ್ಮ ಮನೆತನದ ಚಾಳಿ. ನಮ್ಮಪ್ಪ ಎತ್ತು ಕಟ್ಟಿ ಮಾರುತ್ತಿದ್ದವನು. ಚಳಿಗಾಲ ಬಂತೆಂದರೆ ಘಾಟಿಯಲ್ಲಿ ದನದ ಜಾತ್ರೆ ಸೇರುವ ಬಯಲಿಗೆ ಜೋಡಿ ಹೊಡೆದುಕೊಂಡು ಹೊರಟುಬಿಡುತ್ತಿದ್ದ. ಹುಡುಗನಾಗಿದ್ದಾಗ ನಾನೂ ಹಿಂದೆ ಹೋಗುತ್ತಿದ್ದೆ. ಎತ್ತಿನ ವಯಸ್ಸನ್ನು ಅಲ್ಲಿ ಯಾರೂ ವರ್ಷದಲ್ಲಿ ಕೇಳುವುದಿಲ್ಲ, ಹಲ್ಲಿನಲ್ಲಿ ಕೇಳುತ್ತಾರೆ. ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಜೋಡಿಜೋಡಿಯಾಗಿ ಬರುತ್ತವಲ್ಲ, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟೂ ಬಂದರೆ ಬಾಯಿಗೂಡಿತು ಅನ್ನುತ್ತಾರೆ. ನಮ್ಮಪ್ಪ ಆರು ಹಲ್ಲಿನದನ್ನು ನಾಲ್ಕು ಹಲ್ಲು ಎಂದೇ ಹೇಳುತ್ತಿದ್ದ. ಕೊಳ್ಳುವವನು ಎತ್ತಿನ ತುಟಿ ಎತ್ತಿ ಎಣಿಸಿ, ಆರು ಕಾಣುತ್ತಿದೆಯಲ್ಲ ಎಂದರೆ, ಹೌದಾ, ಮೊನ್ನೆ ಹುಣ್ಣಿಮೇಲಿ ನಾಲ್ಕಿತ್ತು ಅನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು, ವ್ಯಾಪಾರ ಮುಂದುವರಿಯುತ್ತಿತ್ತು.

ಯಾಕಪ್ಪ ಸುಳ್ಳು ಹೇಳ್ತೀಯ ಎಂದು ನಾನು ಒಂದು ಸಲ ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಇವತ್ತಿಗೂ ಕಿವಿಯಲ್ಲಿದೆ. “ಕೇಳೋನು ಎರಡು ಜಾಸ್ತಿ ಹಾಕ್ಕೊಂಡೇ ಕೇಳ್ತಾನೆ ಕಣ್ಲಾ. ನಾವು ಎರಡು ಕಮ್ಮಿ ಹೇಳಿದ್ರೆ ಸರಿಯಾದ ವಯಸ್ಸಿಗೆ ಬಂದು ನಿಲ್ಲುತ್ತೆ.” 

ಈ ಅಭ್ಯಾಸ ಕೊಟ್ಟಿಗೆಯಿಂದ ಮನೆಯೊಳಕ್ಕೂ ಬಂದಿತ್ತು. ಚಿಕ್ಕತ್ತೆಗೆ ಗಂಡು ನೋಡುತ್ತಿದ್ದ ನಾಲ್ಕು ವರ್ಷವೂ ಅವಳಿಗೆ ಇಪ್ಪತ್ತೆರಡೇ. ನನ್ನನ್ನು ಸ್ಕೂಲಿಗೆ ಸೇರಿಸಲು ಕರೆದುಕೊಂಡು ಹೋದಾಗ ಮೇಷ್ಟ್ರು ವಯಸ್ಸು ಎಷ್ಟು ಎಂದು ಕೇಳಿದ್ದೇ ತಡ, ಅಪ್ಪ ನಾಲ್ಕು ಎಂದುಬಿಟ್ಟ. ನಾಲ್ಕಾದರೆ ಸೇರಿಸಿಕೊಳ್ಳುವುದಿಲ್ಲ ಅನ್ನುವುದು ಅವನಿಗೆ ನೆನಪೇ ಇರಲಿಲ್ಲ, ಬಾಯಿಗೆ ಬಂದದ್ದು ಹೇಳಿದ್ದ. ಮೇಷ್ಟ್ರು ಬುದ್ಧಿವಂತರು. ನನ್ನ ಗಲ್ಲ ಹಿಡಿದೆತ್ತಿ ಬಾಯಿ ತೆರೆಸಿ ನೋಡಿ, ಮುಂದಿನ ಎರಡು ಹಲ್ಲು ಬಿದ್ದಿದೆ, ಆರು ತುಂಬಿದೆ ಕಣಯ್ಯ ಎಂದು ಜೂನ್ ಒಂದನೇ ತಾರೀಖು ಹುಟ್ಟಿದ್ದು ಎಂದು ಬರೆದುಕೊಂಡರು. ನಮ್ಮ ಊರಿನಲ್ಲಿ ನನ್ನ ವಾರಿಗೆಯವರೆಲ್ಲ ಜೂನ್ ಒಂದನೇ ತಾರೀಖೇ ಹುಟ್ಟಿದವರು. ಅವತ್ತು ಸೂಲಗಿತ್ತಿಗೆ ಊಟಕ್ಕೂ ಬಿಡುವು ಸಿಕ್ಕಿರಲಿಕ್ಕಿಲ್ಲ. ದನದ ಬಾಯಿ ನೋಡಿಕೊಂಡು ಬದುಕಿದ ನಮ್ಮಪ್ಪನಿಗೆ, ತನ್ನ ಮಗನ ಬಾಯಿ ನೋಡಿ ಒಬ್ಬ ಮೇಷ್ಟ್ರು ಸುಳ್ಳು ಹಿಡಿದರಲ್ಲ ಎಂಬ ಸಿಟ್ಟು ಸಾಯುವ ತನಕ ಇತ್ತು.

ಕೆಂಚ ಬಂದದ್ದು ಡೈರಿಗೇ. ಹಾಲಿನ ವ್ಯಾನು ಹೋದ ಮೇಲೆ ಕ್ಯಾನು ಇಡುವ ಕಟ್ಟೆಯ ಕೆಳಗೆ ಕುಂಯ್ ಕುಂಯ್ ಅನ್ನುತ್ತಿದ್ದ ಮರಿಯನ್ನು ನನ್ನ ಮಗಳು ಪಲ್ಲವಿ ಸ್ಕೂಲ್ ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ತಂದಳು. ನನ್ನ ಹೆಂಡತಿ ಜಯಮ್ಮ, ನಾಯಿ ಬೇಕಾದರೆ ಇರಲಿ, ಹೊಸಿಲು ಮಾತ್ರ ದಾಟಬಾರದು ಎಂದು ಕಾನೂನು ಮಾಡಿದಳು. ಅವತ್ತಿನಿಂದ ಅವನ ಜಾಗ ಜಗಲಿ. ಮಗಳಿಗೆ ಅವನು ತಮ್ಮ. ವರ್ಷ ತುಂಬುವುದರಲ್ಲಿ ಆ ತಮ್ಮ ಅಕ್ಕನನ್ನು ದಾಟಿ ಪ್ರಾಯದ ಹುಡುಗನಾಗಿ, ಊರಿನ ಅಷ್ಟೂ ಬೈಕುಗಳನ್ನು ಊರಾಚೆಯ ತನಕ ಅಟ್ಟಿಸಿಕೊಂಡು ಹೋಗಿ ಬಿಟ್ಟುಬರುತ್ತಿದ್ದ. ಹಾಲಿನ ವ್ಯಾನು ಇನ್ನೂ ಮೇನ್ ರೋಡಿನಲ್ಲಿ ತಿರುಗುವಾಗಲೇ ಎದ್ದು ನನ್ನ ಮುಖ ನೋಡುತ್ತಿದ್ದ. ನಾನು ಆಮೇಲೆ ಚಪ್ಪಲಿ ಹುಡುಕುತ್ತಿದ್ದೆ.

ನಾಯಿಗೆ ವಯಸ್ಸಾಗುವುದು ಒಂದು ದಿನ ಗೊತ್ತಾಗುವುದಿಲ್ಲ. ಬೈಕು ಅಟ್ಟುವುದು ಊರಾಚೆಯಿಂದ ಅರಳಿಕಟ್ಟೆಯ ತನಕ ಎಂದಾಯಿತು. ಅರಳಿಕಟ್ಟೆಯಿಂದ ನಮ್ಮ ಗೇಟಿನ ತನಕ ಎಂದಾಯಿತು. ಈಚೆಗೆ ಬೈಕು ಬಂದರೆ ಮಲಗಿದ ಕಡೆಯಿಂದಲೇ ಒಂದು ಸಲ ಬೊಗಳಿ ಹಾಜರಿ ಹಾಕಿ ಮತ್ತೆ ಕಣ್ಣು ಮುಚ್ಚುತ್ತಿದ್ದ. ನಾನೂ ಆ ಕಾಲದಲ್ಲಿ ಸೈಕಲ್ ಬಿಟ್ಟು ಮೊಪೆಡ್ಡು ಹಿಡಿದಿದ್ದೆ, ಆದ್ದರಿಂದ ನನಗೆ ವಿಶೇಷ ಅನ್ನಿಸಲಿಲ್ಲ. ಮೂತಿ ಬೆಳ್ಳಗಾಯಿತು. ಅಕ್ಕಿಹಿಟ್ಟಿನ ಡಬ್ಬಕ್ಕೆ ಬಾಯಿ ಹಾಕಿದ್ದಾನೆ ಎಂದು ಜಯಮ್ಮ ಅವನನ್ನು ಬೈದೂ ಬೈದು, ಡಬ್ಬದ ಮುಚ್ಚಳ ಮುಚ್ಚಿದ್ದು ನೋಡಿ ಸುಮ್ಮನಾದಳು. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರಲ್ಲ, ಒಮ್ಮೊಮ್ಮೆ ಅವನು ಹಿತ್ತಲಿಗೆ ಹೋಗಿ, ಯಾಕೆ ಬಂದೆ ಎಂದು ಮರೆತು ಗೋಡೆ ನೋಡಿಕೊಂಡು ನಿಂತಿರುತ್ತಿದ್ದ. ದಾರಿಯಲ್ಲಿ ಮಲಗಿದ್ದರೆ ವ್ಯಾನು ಬಂದು ಹಾರನ್ ಹೊಡೆದು ನಿಂತರೂ ಏಳುತ್ತಿರಲಿಲ್ಲ. ಡ್ರೈವರೇ ಬಳಸಿಕೊಂಡು ಹೋಗುವುದು ಕಲಿತ. ಇಷ್ಟೆಲ್ಲ ಕಣ್ಣೆದುರಿಗೇ ಇದ್ದರೂ ಯಾರಾದರೂ ಕೇಳಿದರೆ ನಮ್ಮಿಬ್ಬರ ಬಾಯಲ್ಲೂ, ಇನ್ನೇನು, ಏಳೋ ಎಂಟೋ ಇರಬಹುದು ಅನ್ನುವ ಮಾತು.

ಕಳೆದ ಚಳಿಗಾಲ, ಜಯಮ್ಮ ಅವನ ಮೈಯ ಉಣ್ಣೆ ಕೀಳುತ್ತಾ ಕೂತಿದ್ದಾಗ ಹಿಂಗಾಲಿನ ಹತ್ತಿರ ಒಂದು ಗಂಟು ಸಿಕ್ಕಿತು. ಆಗ ನಿಂಬೆಹಣ್ಣಿನಷ್ಟಿತ್ತು. ಶಿವರಾತ್ರಿಯ ಹೊತ್ತಿಗೆ ಸೀಬೆಕಾಯಿಯಷ್ಟಾಯಿತು. ಒಂದು ಸೋಮವಾರ ಗೂಡ್ಸ್ ಆಟೋದಲ್ಲಿ ಗೋಣಿಚೀಲ ಹಾಸಿ ಮಲಗಿಸಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು, ನಿಧಾನಸ್ಥರು. ಗಂಟು ಅಮುಕಿ ನೋಡಿದರು, ಬಾಯಿ ತೆರೆಸಿ ನೋಡಿದರು, ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಹಳದಿ ಕಾರ್ಡು ಬಿಡಿಸಿ ನೋಡಿ, ಎಂಟು ವರ್ಷ ಅಂತ ಇದೆ, ಎದೆಬಡಿತ ಸ್ವಲ್ಪ ಸುಸ್ತು ಅನ್ನಿಸುತ್ತೆ, ಆದರೂ ಈ ವಯಸ್ಸಿಗೆ ಅರಿವಳಿಕೆ ತಡೆದುಕೊಳ್ಳುತ್ತಾನೆ, ಗುರುವಾರ ಕರೆದುಕೊಂಡು ಬನ್ನಿ, ಗಂಟು ತೆಗೆದುಬಿಡೋಣ ಎಂದರು.

ನಾನು ಆಗಲಿ ಎಂದೆ. ಎಂಟಲ್ಲ ಎಂದು ಮಾತ್ರ ಹೇಳಲಿಲ್ಲ. ನಾಚಿಕೆ ಒಂದು ಕಾರಣ. ಊರಿನವರ ಹಾಲಿನ ನೀರು ಹಿಡಿಯುವವನು ನಾಯಿ ಕಾರ್ಡಿನಲ್ಲಿ ನೀರು ಬೆರೆಸಿದ್ದಾನೆ ಎಂದು ಹೇಗೆ ಒಪ್ಪಿಕೊಳ್ಳುವುದು. ಇನ್ನೊಂದು ಕಾರಣ ಅದಕ್ಕಿಂತ ದೊಡ್ಡದು. ಎಂಟು ವರ್ಷದ ನಾಯಿಗೆ ಡಾಕ್ಟರು ಆಪರೇಷನ್ ಮಾಡುತ್ತೇನೆ ಅನ್ನುತ್ತಾರೆ. ನಿಜವಾದ ವಯಸ್ಸು ಹೇಳಿದರೆ ಏನನ್ನುತ್ತಾರೋ, ಅದನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಮನೆಗೆ ಬಂದು ಜಯಮ್ಮನಿಗೆ ಗುರುವಾರದ ವಿಷಯ ಹೇಳಿದೆ. ಅವಳಿಗೆ ಸಮಾಧಾನವಾಯಿತು. ಗಂಟು ಹೋದರೆ ಮೊದಲಿನಂತೆ ಓಡಾಡುತ್ತಾನೆ ಎಂದು ಅವನಿಗೆ ಕೇಳಿಸುವಂತೆ ಹೇಳಿದಳು. ನನಗೆ ಮುದ್ದೆ ಇಳಿಯಲಿಲ್ಲ. ನಿಜವಾದ ವಯಸ್ಸು ನನಗೂ ಖಚಿತವಾಗಿ ಗೊತ್ತಿಲ್ಲ, ಹತ್ತೋ ಹನ್ನೊಂದೋ ಇರಬಹುದು ಎಂದು ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಬುಧವಾರ ಸಂಜೆ ತಡೆಯಲಾರದೆ ಹೊಸಕೋಟೆಗೆ, ಮಗಳಿಗೆ ಫೋನ್ ಮಾಡಿದೆ. ಅಲ್ಲಿಗೆ ಕೊಟ್ಟು ನಾಲ್ಕು ವರ್ಷವಾಯಿತು. ಕೆಂಚ ಬಂದದ್ದು ಯಾವಾಗ ಎಂದು ಕೇಳಿದರೆ ಅವಳಿಗೆ ಯೋಚನೆಯೇ ಬೇಕಾಗಲಿಲ್ಲ. “ನಾನು ಏಳನೇ ಕ್ಲಾಸು ಕಣಪ್ಪಾ. ಅವ್ನು ನನ್ನ ಸಮಾಜ ಪುಸ್ತಕ ಕಡಿದುಹಾಕಿದ್ನಲ್ಲ, ಪರೀಕ್ಷೆಗೆ ಒಂದು ವಾರ ಇತ್ತು.” ಅವಳ ಏಳನೇ ಕ್ಲಾಸಿಗೆ ಹದಿನಾಲ್ಕು ವರ್ಷ ಆಗಿತ್ತು. ಇನ್ನು ಗೊತ್ತಿಲ್ಲ ಅನ್ನುವ ಹಾಗಿರಲಿಲ್ಲ. ನಾಯಿ ವಯಸ್ಸನ್ನು ಏಳರಿಂದ ಗುಣಿಸಿದರೆ ಮನುಷ್ಯರ ವಯಸ್ಸು ಬರುತ್ತದಂತೆ ಎಂದು ಅವಳೇ ಹೇಳಿದಳು. ಹದಿನಾಲ್ಕು ಏಳಲಿ ತೊಂಬತ್ತೆಂಟು. ಫೋನ್ ಇಟ್ಟು ಜಗಲಿಗೆ ಬಂದರೆ ತೊಂಬತ್ತೆಂಟರ ಮುದುಕ ನನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ.

ಗುರುವಾರ ಜಯಮ್ಮನೂ ಬಂದಳು. ಕೆಂಚನನ್ನು ಮೇಜಿನ ಮೇಲೆ ಮಲಗಿಸಿದರು. ಸೂಜಿ ಚುಚ್ಚಲು ಮುಂಗಾಲಿನ ಕೂದಲು ಬೋಳಿಸಬೇಕೆಂದು ಕಾಂಪೌಂಡರು ಬ್ಲೇಡು ತೆಗೆದುಕೊಂಡರು. ಕೆಂಚ ಹೆದರಲಿಲ್ಲ, ಎಳೆದಾಡಲಿಲ್ಲ. ನಾನು ಅಲ್ಲೇ ಇದ್ದೇನೆ ಎಂದು ಒಂದು ಸಲ ನೋಡಿ ಖಚಿತ ಮಾಡಿಕೊಂಡು ತಲೆ ಮೇಜಿಗಿಟ್ಟ, ಅಷ್ಟೇ. ಅವನು ನನ್ನನ್ನು ನಂಬಿದ್ದ. ಅದನ್ನು ನೋಡಿದ ಮೇಲೆ ನನ್ನಿಂದ ಆಗಲಿಲ್ಲ.

“ಡಾಕ್ಟರಮ್ಮ, ಒಂದ್ನಿಮಿಷ. ಆ ಕಾರ್ಡಲ್ಲಿರೋ ವಯಸ್ಸು ಸುಳ್ಳು.”

ಅವರು ಸಿರಿಂಜು ಕೆಳಗಿಟ್ಟರು. “ಹಾಗಾದ್ರೆ ಎಷ್ಟು?”

“ಹದಿನಾಲ್ಕು ತುಂಬಿದೆ. ಪ್ರತಿ ವರ್ಷ ನಾನೇ ಕಮ್ಮಿ ಹೇಳಿ ಬರೆಸಿದ್ದು.”

ಜಯಮ್ಮ ನನ್ನ ಮುಖ ನೋಡಿದಳು. ಕಾಂಪೌಂಡರೂ ನೋಡಿದರು. ಡಾಕ್ಟರಮ್ಮ ಬೈಯುತ್ತಾರೆ ಎಂದು ಕಾದೆ. ಅವರು ಮತ್ತೆ ಸ್ಟೆತಾಸ್ಕೋಪು ಇಟ್ಟು ಇನ್ನೊಂದು ಸಲ ಎದೆ ಕೇಳಿ, ಆಪರೇಷನ್ ಬೇಡ ಎಂದರು. ಈ ವಯಸ್ಸಿಗೆ, ಈ ಎದೆಗೆ, ಗಂಟಿಗಿಂತ ಅರಿವಳಿಕೆಯೇ ಅಪಾಯ. ಮಲಗಿಸಿದರೆ ಏಳದೆಯೂ ಹೋಗಬಹುದಿತ್ತು. ಗಂಟು ಅದರ ಪಾಡಿಗೆ ಅವನ ಜೊತೆ ಇರಲಿ, ನೋವಿಗೆ ಮಾತ್ರೆ ಕೊಡುತ್ತೇನೆ, ಮೆತ್ತಗಿನದು ತಿನ್ನಿಸಿ ಎಂದರು. ಏಳದೆಯೂ ಹೋಗಬಹುದಿತ್ತು ಅನ್ನುವ ಮಾತು ಕೇಳಿ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಹಲ್ಲು ನೋಡಿದರೆ ನಿಮಗೆ ಗೊತ್ತಾಗಲಿಲ್ಲವೇ ಎಂದು ದನದವರ ಮಗನ ಅಧಿಕಾರದಿಂದ ಕೇಳಿದೆ. ಮರಿಯಾಗಿದ್ದಾಗ ಹೇಳಬಹುದು, ಆಮೇಲೆ ಊರನಾಯಿ ಮೂಳೆ ಕಲ್ಲು ಕಡಿದು ಹಲ್ಲು ಸವೆಸಿಕೊಂಡಿರುತ್ತದೆ, ನಾಲ್ಕಕ್ಕೂ ಹಾಗೇ ಇರಬಹುದು ಹದಿನಾಲ್ಕಕ್ಕೂ ಹಾಗೇ ಇರಬಹುದು, ಅದಕ್ಕೇ ಮನೆಯವರ ಮಾತನ್ನೇ ನಂಬುವುದು ಎಂದರು. ಮನೆಯವರು ತಲೆ ತಗ್ಗಿಸಿದರು. ತೊಂಬತ್ತೆಂಟಾಯಿತಲ್ಲ ಡಾಕ್ಟರಮ್ಮ ಎಂದಾಗ ಅವರಿಗೆ ನಗು ಬಂತು. ಏಳರ ಲೆಕ್ಕ ಸರಿಯಲ್ಲವಂತೆ. ನಾಯಿಗೆ ಮೊದಲನೇ ವರ್ಷದಲ್ಲೇ ನಮ್ಮ ಹದಿನೈದು ವರ್ಷ ಕಳೆದುಹೋಗುತ್ತದೆ, ಎರಡನೆಯದರಲ್ಲಿ ಇನ್ನೊಂದು ಒಂಬತ್ತು, ಅಲ್ಲಿಂದಾಚೆಗೆ ವರ್ಷಕ್ಕೆ ನಾಲ್ಕೋ ಐದೋ. ಹಾಗೆ ನೋಡಿದರೆ ಕೆಂಚನಿಗೆ ಎಪ್ಪತ್ತೈದರ ಆಚೀಚೆ. ಒಂದೇ ಮಾತಿಗೆ ಇಪ್ಪತ್ತು ವರ್ಷ ಇಳಿಸಿದ ಡಾಕ್ಟರಮ್ಮನ ಎದುರು ನಮ್ಮಪ್ಪ ಯಾವ ಲೆಕ್ಕ ಅನ್ನಿಸಿತು.

ಮನುಷ್ಯರ ಹುಟ್ಟಿದ ತಾರೀಖು ತಿದ್ದಿಸಬೇಕಾದರೆ ಅಫಿಡವಿಟ್ಟು, ಕೋರ್ಟು, ಪೇಪರಿನಲ್ಲಿ ಪ್ರಕಟಣೆ. ಕೆಂಚನದಕ್ಕೆ ಡಾಕ್ಟರಮ್ಮ ಒಂದು ಗೆರೆ ಎಳೆದರು, ಮುಗಿಯಿತು. ಆಟೋದಲ್ಲಿ ಬರುವಾಗ ನಾನು ಕಾರ್ಡು ಹಿಡಿದುಕೊಂಡು ಲೆಕ್ಕ ಹಾಕಿದೆ. ಎಂಟು ವರ್ಷದ ನಾಯಿ ಎಂದರೆ ಐವತ್ತೊಂದು. ನನಗೆ ಐವತ್ತೇಳು. ಎಂಟರಲ್ಲೇ ನಿಲ್ಲಿಸಿದ್ದರೆ ಅವನು ಯಾವತ್ತೂ ನನಗಿಂತ ಚಿಕ್ಕವನು. ಲೆಕ್ಕ ಗೊತ್ತಿಲ್ಲದೆಯೇ ನನ್ನ ನಾಲಿಗೆ ಸರಿಯಾಗಿ ಅಲ್ಲೇ ಹೋಗಿ ನಿಂತಿತ್ತು. ಅಪ್ಪ ಮಾರುವುದಕ್ಕೆ ಕಮ್ಮಿ ಹೇಳುತ್ತಿದ್ದ. ನಾನು ಕಳೆದುಕೊಳ್ಳಲಾರದೆ ಕಮ್ಮಿ ಹೇಳುತ್ತಿದ್ದೆ ಎಂದು ಕಾಣುತ್ತದೆ.

ಜಯಮ್ಮ ದಾರಿಯುದ್ದಕ್ಕೂ ಕೆಂಚನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮನೆಗೆ ಬಂದ ಮೇಲೆ, ಸೋಮವಾರವೇ ಹೇಳುವುದಕ್ಕೆ ನಿಮಗೇನಾಗಿತ್ತು, ಬ್ಲೇಡು ತೆಗೆಯೋ ತನಕ ಕಾಯಬೇಕಾಗಿತ್ತಾ ಎಂದು ಬೈದಳು. ನಾನು ಬೈಸಿಕೊಂಡೆ. ಆಮೇಲೆ, ಎಪ್ಪತ್ತೈದು ಎಂದರೆ ನಮ್ಮಿಬ್ಬರಿಗೂ ಹಿರಿಯನಾದನಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅವತ್ತಿನಿಂದ ಅವಳು ಕೆಂಚನನ್ನು ಬೈಯುವ ರೀತಿ ಬದಲಾಯಿತು. ಮೊದಲು ಅವನ ಮುಖಕ್ಕೇ, ಮುಟ್ಠಾಳ, ಎದ್ದೇಳೋ ಎಂದು ಬೈಯುತ್ತಿದ್ದಳು. ಈಗ ಗೋಡೆಯ ಕಡೆ ತಿರುಗಿಕೊಂಡು, ದಾರೀಲಿ ಮಲಗಿದ್ರೆ ಜನ ಹೆಂಗೆ ಓಡಾಡ್ಬೇಕೋ ಏನೋ ಎಂದು ಗೊಣಗುತ್ತಾಳೆ. ಅದು ಅವಳು ನಮ್ಮಪ್ಪನನ್ನು, ಅವನ ಕೊನೆಗಾಲದಲ್ಲಿ, ಬೈಯುತ್ತಿದ್ದ ರೀತಿ.

ಒಂದು ಸಂಜೆ ಗಾಳಿ ತಣ್ಣಗಿದ್ದಾಗ ತಾನೇ ಮಾಡಿದ್ದ ಕಾನೂನು ಮುರಿದು, ಒಳಗೆ ಬಾ, ಮೂಲೆಯಲ್ಲಿ ಮಲಗು ಎಂದು ಅವನನ್ನು ಕರೆದಳು. ಕಂಬಳಿಯನ್ನೂ ಹಾಸಿದ್ದಳು. ಕೆಂಚ ಎದ್ದು ಹೊಸಿಲ ತನಕ ಬಂದ. ಹದಿನಾಲ್ಕು ವರ್ಷದ ಅಭ್ಯಾಸ. ಹೊಸಿಲ ಮೇಲೆ ಗಲ್ಲ ಇಟ್ಟು ಅಲ್ಲೇ ಮಲಗಿದ, ಒಳಗೆ ಕಾಲಿಡಲಿಲ್ಲ. ಅವಳು ಇನ್ನೆರಡು ಸಲ ಕರೆದಳು. ಕಡೆಗೆ ಕಂಬಳಿಯನ್ನು ಜಗಲಿಗೇ ತಂದು ಹಾಸಿದಳು. ತನ್ನ ತಟ್ಟೆಯನ್ನೂ ತಂದಳು, ನನ್ನದನ್ನೂ ತಂದಳು. ಈಗ ನಮ್ಮ ಸಂಜೆಯ ಊಟ ಜಗಲಿಯಲ್ಲಿ. ಅವನಿಗೆ ಹಾಲಲ್ಲಿ ಕಿವುಚಿದ ಮುದ್ದೆ, ನಮಗೆ ಸಾರಿನಲ್ಲಿ.

ಮೊನ್ನೆ ಕಾರ್ಡು ಸಿಕ್ಕ ದಿನ ಸಂಜೆಯೂ ಹಾಗೇ ಕೂತಿದ್ದೆವು. ಎದುರು ಮನೆಯ ಲಕ್ಷ್ಮಮ್ಮ ಖಾಲಿ ಹಾಲಿನ ಕ್ಯಾನು ಹಿಡಿದುಕೊಂಡು ಬರುತ್ತಿದ್ದವರು ನಿಂತರು. ಕೆಂಚ ಬಾಲವನ್ನು ಒಂದು ಸಲ ನೆಲಕ್ಕೆ ಬಡಿದ. ಪಾಪ, ತುಂಬ ಸೋತುಹೋದ, ಈಗ ಎಷ್ಟು ವರ್ಷವಾಯಿತು ಇವನಿಗೆ ಎಂದು ಕೇಳಿದರು. ನಾನು ತುತ್ತು ನುಂಗಿ, ಹದಿನಾಲ್ಕು ಎಂದು ಸತ್ಯ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಜಯಮ್ಮ ಅವನ ಬೆನ್ನ ಮೇಲೆ ಕೈ ಇಟ್ಟು ಹೇಳಿದಳು.

“ಹದಿನಾರು ನಡೀತಾ ಇದೆ, ಲಕ್ಷ್ಮಮ್ಮ. ನಮ್ಮನೇಲಿ ಈಗ ಇವ್ನೇ ದೊಡ್ಡೋನು.”

ಲಕ್ಷ್ಮಮ್ಮ ಹದಿನಾರೇ ಎಂದು ಬೆರಗಾಗಿ ಕ್ಯಾನು ಕೆಳಗಿಟ್ಟು ಅವನನ್ನು ಇನ್ನೊಂದು ಸಲ ನೋಡಿದರು. ಜಯಮ್ಮ ನನ್ನ ಕಡೆ ತಿರುಗಲಿಲ್ಲ. ನಮ್ಮ ಮನೆಯಲ್ಲಿ ಒಂದು ಪ್ರಾಣಿಯ ವಯಸ್ಸನ್ನು ಯಾರಾದರೂ ಹೆಚ್ಚು ಮಾಡಿ ಹೇಳಿದ್ದು ಅದೇ ಮೊದಲು.